ಕಾಕೂನ ನೂರು ಟನ್ನಿನ ಸವತಿ

ನಮ್ಮ ಕಾಕೂಗೆ ಒಬ್ಬ ಸವತಿ ಇದ್ದಳು. ಮನೆ ಮರ್ಯಾದೆ ಹರಾಜಿಗೆ ಇಡಲಿಕ್ಕೆ ಇದನ್ನ ಹೇಳುತ್ತಿಲ್ಲ, ಓಣಿಗೆಲ್ಲ ಗೊತ್ತಿದ್ದ ಮಾತು. ಬಣ್ಣ ಕಡುಗೆಂಪು, ನಡುವಿಗೊಂದು ಹಳದಿ ಪಟ್ಟಿ. ತೂಕ ನೂರು ಟನ್ನಿನ ಮೇಲೆ. ನಡೆದರೆ ನೆಲ ನಡುಗಬೇಕು, ಉಸಿರು ಬಿಟ್ಟರೆ ಒಣಹಾಕಿದ ಬಟ್ಟೆ ಕಪ್ಪಾಗಬೇಕು! ಇಂಥವಳನ್ನ ನಮ್ಮ ಕಾಕಾ ಮೂವತ್ತು ವರ್ಷ ಪ್ರೀತಿಸಿದ, ಅದೂ ಹೆಂಡತಿಯ ಕಣ್ಣೆದುರಿಗೆ. ಹೆಂಡತಿ ಕಟ್ಟಿಕೊಟ್ಟ ಬುತ್ತಿ ಹಿಡಿದುಕೊಂಡು ಹೋಗಿ ಅವಳನ್ನ ನೋಡಿ ಬರುತ್ತಿದ್ದ ಅಂದಮೇಲೆ ಇನ್ನೇನು ಹೇಳಲಿ?

ಗಾಬರಿಯಾಗಬೇಡಿ. ಸವತಿ ಅಂದರೆ ರೈಲಿನ ಎಂಜಿನ್ನು. ಹಳೇ ಡೀಸೆಲ್ ಎಂಜಿನ್ನು, ನಂಬರು ಎಂಟುನೂರಾ ಹನ್ನೊಂದು.

ಕಾಕಾ ಅಂದರೆ ನಮ್ಮಪ್ಪನ ತಮ್ಮ, ಕಾಕು ಅವನ ಹೆಂಡತಿ. ರೋಣದ ಕಡೆಯವರು ನಾವು, ಅನ್ನ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬಂದವರು. ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕಾಕಾ ಟೆಕ್ನೀಶಿಯನ್ ಆಗಿ ರಿಟೈರ್ ಆದ. ಗಾಳಿಯ ಪೈಪು, ಗಾಳಿಯ ವಾಲ್ವು, ಗಾಳಿಯ ಒತ್ತಡ, ಇದೇ ಅವನ ಕೆಲಸ. ಕಾರ್ಖಾನೆಯ ಮೇಲೆ ವಿಮಾನ ಹಾರಿದರೆ ಊರಿಗೆ ಊರೇ ತಲೆ ಎತ್ತಿ ನೋಡಬೇಕು, ನಮ್ಮ ಕಾಕಾ ಮಾತ್ರ ಬಗ್ಗಿ ಚಪ್ಪಲಿ ಉಂಗುಷ್ಟ ಸರಿ ಮಾಡಿಕೊಳ್ಳುತ್ತಿದ್ದ. ಒಮ್ಮೆ ಕೇಳಿಯೇ ಬಿಟ್ಟೆ, ಅಷ್ಟು ವರ್ಷ ವಿಮಾನ ಕಟ್ಟಿ ಅದರ ಮೇಲೆ ಒಂದಿಷ್ಟೂ ಪ್ರೀತಿ ಇಲ್ಲವಾ ಅಂತ.

"ವಿಮಾನದಾಗ ಏನೈತಿ ಮಗಳ? ಹಾರಿತು, ಹೋತು, ಮುಗೀತು. ಒಂದ ಊರಾಗ ನಿಂತು ಚಹಾ ಕುಡೀತೈತೇನದು?"

ಕರೆಂಟಿನ ಎಂಜಿನ್ನಿನ ಮಾತು ತೆಗೆದರಂತೂ ಮುಗಿಯಿತು. "ತಲಿ ಮ್ಯಾಲಿನ ತಂತಿ ತಪ್ಪಿದ್ರ ಒಂದ ಹೆಜ್ಜಿ ಇಡಂಗಿಲ್ಲ. ಅವ್ವನ ಸೆರಗ ಹಿಡಕೊಂಡ ಅಡ್ಯಾಡೋ ಕೂಸದು! ನಮ್ಮಾಕಿ ಹಂಗಲ್ಲ. ಸ್ವಂತ ಹೊಟ್ಟಿಯೊಳಗ ಎಣ್ಣಿ ತುಂಬಿಕೊಂಡು ಸ್ವಂತ ದುಡದು ತಿನ್ನೋ ಹೆಣ್ಣಮಗಳು."

ಈ ಹುಚ್ಚು ಹತ್ತಿದ್ದು ಎಲ್ಲಿ ಅಂದರೆ ಲಾಸೂರ ಸ್ಟೇಷನ್ನಿನಲ್ಲಿ. ಗಂಗಾಪುರ ತಾಲೂಕಿನ ಆ ಊರಿನಲ್ಲಿ ನಮ್ಮಪ್ಪ ಕಾಲುವೆ ಕೆಲಸಕ್ಕೆ ಮುಕಾದಮ್, ಅಂದರೆ ಕೂಲಿಯವರ ಮೇಸ್ತ್ರಿ ಆಗಿದ್ದ. ಆಗ ನನಗೆ ಎಂಟು ವರ್ಷ. ಕಾಕಾನ ಲಗ್ನ ಆಗಿತ್ತು, ಓಝರಿನಲ್ಲಿ ಇನ್ನೂ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ. ಹಂಗಾಗಿ ಹೊಸ ಸೊಸೆ ನಮ್ಮ ಮನೆಯಲ್ಲಿ, ಹೊಸ ಗಂಡ ನಾಶಿಕದಲ್ಲಿ. ಶನಿವಾರ ಡ್ಯೂಟಿ ಮುಗಿಸಿ ಗಾಡಿ ಹತ್ತಿದರೆ ಮನಮಾಡ್ ತನಕ ಕರೆಂಟಿನ ಎಂಜಿನ್ನು. ಅಲ್ಲಿ ಅದನ್ನ ಬಿಚ್ಚಿ ಡೀಸೆಲ್ ಹಚ್ಚುತ್ತಿದ್ದರು. ಯಾಕಂದರೆ ನಮ್ಮ ಕಡೆ ಆಗ ತಂತಿಯೇ ಇರಲಿಲ್ಲ.

ಲಾಸೂರಿಗೆ ಬರುವ ಮುಂಚೆ ಆ ಡೀಸೆಲ್ಲು ಒಂದು ಕೂಗು ಹಾಕುತ್ತಿತ್ತು. ಉದ್ದನೆಯ, ದಪ್ಪನೆಯ ಕೂಗು, ಎಮ್ಮೆ ಕರುವನ್ನ ಕರೆದ ಹಾಗೆ. ಅದು ಕಿವಿಗೆ ಬಿದ್ದದ್ದೇ ತಡ, ಕಾಕು ಒಲೆ ಮೇಲೆ ಹಂಚು ಇಡುತ್ತಿದ್ದಳು. ಗಾಡಿ ನಿಂತು, ಕಾಕಾ ಇಳಿದು, ಹೊಲದ ಬದುವಿನ ಮೇಲೆ ನಡೆದು ಬಾಗಿಲಿಗೆ ಬರುವುದಕ್ಕೂ ಮೊದಲನೇ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ನಮಗೆ ಹುಡುಗರಿಗೆ ಗಡಿಯಾರವೇ ಬೇಕಾಗಿರಲಿಲ್ಲ. "ಸವತಿ ಕೂಗಿದ್ಲು ನೋಡ್ರಿ, ಬಿಟ್ಟಳು ಅಂತ ಕಾಣ್ತೈತಿ ನಿಮ್ಮ ಕಾಕಾನ್ನ" ಅಂತ ಕಾಕು ಹಿಟ್ಟಿನ ಕೈಯಲ್ಲೇ ನಗುತ್ತಿದ್ದಳು. ಆ ಹೆಸರು ಇಟ್ಟವಳು ಅವಳೇ.

ಅದು ಪ್ರತಿ ಶನಿವಾರ ಎಂಟುನೂರಾ ಹನ್ನೊಂದೇ ಆಗಿರುತ್ತಿತ್ತಾ? ಎಲ್ಲಿಯ ಮಾತು! ಎಂಜಿನ್ನುಗಳು ಊರೂರು ತಿರುಗುತ್ತವೆ. ಆದರೆ ಕಾಕಾನ ಎದುರು ಹಾಗೆ ಅಂದು ನೋಡಿ. "ಅದ! ಅದನ ಅದು!" ಅಂತ ಮೇಜು ಕುಟ್ಟುತ್ತಿದ್ದ. ನಾನು ನಾಶಿಕದಲ್ಲೇ ಗಣಿತದ ಟೀಚರು, ಲೆಕ್ಕ ಹಾಕಿ ತೋರಿಸುತ್ತಿದ್ದೆ. ಲೆಕ್ಕ ತಪ್ಪು ಅಂತಿದ್ದ.

ಮುಂದೆ ಕ್ವಾರ್ಟರ್ಸ್ ಸಿಕ್ಕಿತು, ಕಾಕು ನಾಶಿಕಕ್ಕೆ ಬಂದಳು. ಹುಚ್ಚು ಕಡಿಮೆಯಾಗಬೇಕಿತ್ತಲ್ಲ? ಹೆಚ್ಚಾಯಿತು. ಒಂದು ಮಳೆಗಾಲ ಇಡೀ ಮನೆ ಮಂದಿ ಇಗತಪುರಿಗೆ ಜಲಪಾತ ನೋಡಲಿಕ್ಕೆ ಹೋದೆವು. ಕಾಕಾ ಜಲಪಾತಕ್ಕೆ ಬೆನ್ನು ಮಾಡಿ ನಿಂತ. ಕೆಳಗೆ ದುರಸ್ತಿ ಗಾಡಿಗೆ ಒಂದು ಡೀಸೆಲ್ ಹಚ್ಚಿದ್ದರಂತೆ, ಮೊಬೈಲಿನಲ್ಲಿ ಅದರ ಸದ್ದು ತುಂಬಿಕೊಳ್ಳಬೇಕಂತೆ. ಅರ್ಧ ತಾಸು ಕೊಡೆ ಹಿಡಿದು ನಿಂತ, ಕೊಡೆ ಮೊಬೈಲಿಗೆ, ತಾನು ಮಳೆಯಲ್ಲಿ! ಮನೆಗೆ ಬಂದು ಕೇಳಿದರೆ ಎಂಜಿನ್ನಿನ ಸದ್ದಿಲ್ಲ, ಮಳೆ ಸದ್ದಿಲ್ಲ, ಉದ್ದಕ್ಕೂ ಕಾಕೂನ ದನಿ: "ಭಜಿ ಆರಾಕತ್ತಾವ್ರೀ!"

ಇಂಥವರದೊಂದು ಗುಂಪೇ ಇದೆ ಕಣ್ರೀ, ನನಗೂ ತಡವಾಗಿ ಗೊತ್ತಾಯಿತು. ದಿಂಡೋರಿಯ ದ್ರಾಕ್ಷಿ ತೋಟದವನೊಬ್ಬ, ಬ್ಯಾಂಕಿನವನೊಬ್ಬ, ಹಲ್ಲಿನ ಡಾಕ್ಟರೊಬ್ಬ, ಎಲ್ಲರೂ ವಾಟ್ಸಾಪಿನಲ್ಲಿ. ಯಾವುದಾದರೂ ಡೀಸೆಲ್ ಎಂಜಿನ್ ಗುಜರಿಗೆ ಹೋಯಿತೋ, ಫೋಟೋಕ್ಕೆ ಹಾರ ಹಾಕಿ "ಭಾವಪೂರ್ಣ ಶ್ರದ್ಧಾಂಜಲಿ" ಅಂತ ಕಳಿಸುತ್ತಾರೆ. ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಜೀವಮಾನವಿಡೀ ಸದ್ದು, ಸದ್ದು ಅಂತ ಸತ್ತವರು ಮೌನ ಆಚರಿಸುವುದನ್ನ ನಾನು ಕಣ್ಣಾರೆ ಕಂಡೆ!

ಕೊನೆಗೆ ಲಾಸೂರಿನ ದಾರಿಗೂ ತಂತಿ ಬಂತು. ಎಂಟುನೂರಾ ಹನ್ನೊಂದು ಕೆಲಸವಿಲ್ಲದೆ ಸಂಭಾಜಿನಗರದ ಆಚೆಯ ಒಂದು ಯಾರ್ಡಿನಲ್ಲಿ ನಿಂತಿತು, ನಿಂತಲ್ಲೇ ಕಂಡಮ್ ಆಯಿತು, ಅಂದರೆ ಇನ್ನು ಉಪಯೋಗಕ್ಕಿಲ್ಲ ಅಂತ ರೈಲ್ವೆಯವರು ಬರೆದುಬಿಟ್ಟರು. ಗುಜರಿಯವರು ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಕೊಯ್ಯುತ್ತಾರೆ ಅಂತ ಗುಂಪಿನಲ್ಲಿ ಸುದ್ದಿ ಬಂದ ದಿನ ಕಾಕಾ ಅಳುತ್ತಾನೆ ಅಂದುಕೊಂಡಿದ್ದೆ. ಅಳಲಿಲ್ಲ. ಸೊಂಟಕ್ಕೆ ಟವೆಲು ಬಿಗಿದ. "ಹೋಗೂದ್ರೊಳಗ ಒಂದ ಸಲ ಆಕಿನ್ನ ಕೂಗಿಸ್ತೀನಿ" ಅಂದ.

ಹೇಳಿಕೊಳ್ಳುವಷ್ಟು ಸುಲಭವಲ್ಲ ಅದು. ಎಂಜಿನ್ನಿನ ಹಾರ್ನು ಊದುವುದು ಗಾಳಿಯ ಒತ್ತಡದಿಂದ. ಎಂಜಿನ್ನೇ ಸತ್ತಮೇಲೆ ಗಾಳಿ ಎಲ್ಲಿಂದ? "ಹೊರಗಿನಿಂದ ಗಾಳಿ ಕೊಡ್ತೀನಿ. ಜನ್ಮೆಲ್ಲ ಮಾಡಿದ್ದ ಅದನ್ನ" ಅಂದ ಕಾಕಾ. ಎಂಜಿನ್ನು ನಿಂತಾಗಿನಿಂದಲೇ ಅವನಿಗೆ ಇದರ ವಾಸನೆ ಹತ್ತಿತ್ತು ಅಂತ ಕಾಣುತ್ತದೆ. ಹಾರ್ನಿನ ಪೈಪಿಗೂ ಪಂಕ್ಚರ್ ಅಂಗಡಿಯ ಗಾಳಿ ಪೈಪಿಗೂ ಜೋಡಿಸಲಿಕ್ಕೆ ಹಿತ್ತಾಳೆಯದೊಂದು ತುಂಡು ಆಗಲೇ ಮಾಡಿಸಿ ಇಟ್ಟಿದ್ದ. ಸುಮ್ಮನೆ ಇಟ್ಟಿದ್ದನಾ, ದೇವರ ಜಗಲಿಯ ಮೇಲೆ! ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಕಾಕು ಅದನ್ನ ಯಾವುದೋ ಹೊಸ ಲಿಂಗ ಅಂತ ತಿಳಿದು ಹಾಲು ಹಾಕಿ, ವಿಭೂತಿ ಹಚ್ಚಿ, ನನ್ನ ಕೈಯಲ್ಲಿ ನಮಸ್ಕಾರ ಬೇರೆ ಮಾಡಿಸಿದ್ದಳು.

ಅಪ್ಪಣೆಯೂ ಬೇಕಲ್ಲ? ಅರ್ಜಿ ಬರೆದ, ಮರಾಠಿಯಲ್ಲಿ, ಹಿಂದಿಯಲ್ಲಿ, ನನ್ನಿಂದ ಇಂಗ್ಲಿಷಿನಲ್ಲಿ. ಹದಿನಾಲ್ಕು ಅರ್ಜಿ! ನಿಯಮದಲ್ಲಿ ಅವಕಾಶವಿಲ್ಲ ಅಂತ ಒಂದೇ ಒಂದು ಉತ್ತರ ಬಂತು. ಕಾಕಾ ಅದನ್ನ ಮೂರು ಸಲ ಓದಿ, "ಬ್ಯಾಡ ಅಂತನೂ ನಿಯಮದಾಗ ಇಲ್ಲಲ್ಲ!" ಅಂತ ಹದಿನೈದನೆಯದನ್ನ ಬರೆಯಲಿಕ್ಕೆ ಕೂತ. ಹಟ ಅಂದರೆ ಹಟ.

ಇಲ್ಲಿ ಕಾಕೂನ ಕಿವಿಯ ಮಾತು ಹೇಳಬೇಕು. ಬಲಗಿವಿ ಹೋಗಿ ಬಹಳ ದಿನ ಆಯಿತು, ಎಡಗಿವಿಯೂ ಇಳಿಯುತ್ತಾ ಬಂದಿದೆ ಅಂತ ಡಾಕ್ಟರು ಹೇಳಿದ್ದಾರೆ. ಕುಕ್ಕರ್ ಸೀಟಿ ಕೇಳುವುದಿಲ್ಲ, ಬಾಗಿಲ ಬೆಲ್ಲು ಕೇಳುವುದಿಲ್ಲ. ಮಷೀನು ಹಾಕಿಸಿದರೆ ಅದನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿ ಇಟ್ಟಳು, ಸವೆಯುತ್ತದಂತೆ! ಕಾಕಾ ಏನೇ ಹೇಳಿದರೂ ಕೊನೆಗೆ "ಕೇಳಿಸ್ತೇನು?" ಅಂತ ಒದರುತ್ತಾನೆ. ಕಾಕು "ಹೂಂ, ಹೂಂ" ಅಂತಾಳೆ. ಕಾಕಾ ನೀರು ಕೇಳಿದ್ದರೆ ಉಪ್ಪಿನಕಾಯಿ ಬರುತ್ತದೆ.

ಆ ಸೋಮವಾರದ ಹಿಂದಿನ ಬುಧವಾರ ಗದಗಿನಿಂದ ಕಾಕೂನ ಅಕ್ಕನ ಫೋನು ಬಂತು. ಸ್ಪೀಕರ್ ಹಾಕಿ, ಎಡಗಿವಿಗೆ ಒತ್ತಿ ಹಿಡಿದು ಕಾಕು ಮಾತಾಡಿದಳು. ನಾನು ಪಕ್ಕದಲ್ಲೇ ಪೇಪರು ತಿದ್ದುತ್ತಾ ಕೂತಿದ್ದೆ.

"ಹೆಂಗಿದ್ದೀ ತಂಗಿ?"

"ಏನ ಹೇಳ್ಲಿ ಅಕ್ಕಾ, ನನ್ನ ಸವತಿ ಹೊಂಟಳು! ಇವರಿಗೆ ಊಟಾನ ಸೇರವಲ್ದು."

ಆ ಕಡೆ ಅಕ್ಕ ಟೀವಿ ಆರಿಸಿದ ಸದ್ದು. ಆಮೇಲೆ, "ಸವತಿ? ಎಷ್ಟ ವರ್ಷದಿಂದ?"

"ಲಗ್ನ ಆದಾಗಿಂದ. ಮೂವತ್ತ ವರ್ಷ ಆತಲ್ಲ."

"ಶಿವನ! ಎಲ್ಲಿರತಾಳ?"

"ಸಂಭಾಜಿನಗರದಾಗ. ಮೊದಲ ಮನಮಾಡಿಂದ ಅಡ್ಯಾಡ್ತಿದ್ಲು."

"ಹಿಂದ ಎಷ್ಟ ಅದಾವ?"

"ಹಿಂದ? ಹಿಂದ ಹದಿನೆಂಟ ಇರ್ತಿದ್ವು! ಹಬ್ಬ ಹುಣ್ಣಿವಿಗೆ ಇಪ್ಪತ್ತೆರಡ!"

"ಹದಿನೆಂಟ... ಆಕಿಗೆ ಈಗ ಏನಾಗೇತಿ ಜಡ್ಡು?"

"ಕಂಡಮ್ ಆಗ್ಯಾಳ. ಸೋಮವಾರ ಗ್ಯಾಸ್ ಹಚ್ಚಿ ಕೊಯ್ತಾರಂತ!"

ಫೋನು ಕಟ್ ಆಯಿತು. ನಾನು ನಗು ತಡಕೊಂಡು ತಿರುಗಿ ಹಚ್ಚಿದೆ, ಎತ್ತಲಿಲ್ಲ. ನಿಜ ಹೇಳಲಾ? ಎರಡನೇ ಸಲ ನಾನೂ ಮನಸ್ಸಿಟ್ಟು ಹಚ್ಚಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತಲೆ ತುಂಬ ಸೆರಗು, ಕಂಕುಳಲ್ಲಿ ಇಷ್ಟು ದೊಡ್ಡ ಗಂಟು. ನಮ್ಮ ಕಡೆ ಸಾವಿನ ಮನೆಗೆ ಖಾಲಿ ಕೈಯಲ್ಲಿ ಹೋಗುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ ಮಾತಾಡಿಸಿಕೊಂಡು ಬರಬೇಕು. ಆ ಪದ್ಧತಿಯೂ ಬಿಡುವ ಹಾಗಿಲ್ಲ, ತಂಗಿಯ ಗಂಡನಿಗೆ ಉಗಿಯುವುದೂ ಬಿಡುವ ಹಾಗಿಲ್ಲ! ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈ ಸೊಂಟದ ಮೇಲೆ.

"ಎಲ್ಲ್ಯದಾನ ಆ ದೊಡ್ಡ ಮನಷ್ಯಾ? ಹದಿನೆಂಟು ಮಕ್ಕಳ ತಂದಿ!"

ಕಾಕಾ ಹಲ್ಲುಜ್ಜುತ್ತಾ ಹೊರಗೆ ಬಂದ. ಬಾಯಲ್ಲಿ ನೊರೆ, ಉತ್ತರ ಕೊಡಲಿಕ್ಕೂ ಬರಲಿಲ್ಲ. ಅಕ್ಕ ಅದನ್ನೇ ತಪ್ಪೊಪ್ಪಿಗೆ ಅಂತ ಹಿಡಿದಳು. ನಮ್ಮ ವಂಶ, ಅವರ ವಂಶ, ಲಗ್ನದಲ್ಲಿ ಕೊಟ್ಟ ಮಾತು, ಎಲ್ಲ ಎಳೆದು ಹಾಕಿದಳು. ಕಾಕು ಮಾತ್ರ "ಹೂಂ, ಹೂಂ" ಅನ್ನುತ್ತಾ ಅಕ್ಕನಿಗೆ ಚಹಾ ಸೋಸುತ್ತಿದ್ದಳು. ನಾನೇ ಕಾಕಾನ ಮೊಬೈಲು ತೆಗೆದು ಫೋಟೋ ತೋರಿಸಿದೆ, "ಇಕಿನರಿ ಆ ಸವತಿ."

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಆಕಿ ಎಲ್ಲಿ? ಎಂಜಿನ್ ಹಿಂದ ನಿಂತಾಳೇನು?"

ಅರ್ಥವಾದ ಮೇಲೆ ಗೋಡೆಗೆ ಒರಗಿ ಕೂತು ನಕ್ಕಳು ನೋಡಿ, ಕಣ್ಣೊರೆಸಿಕೊಳ್ಳಲಿಕ್ಕೆ ಸೆರಗು ಸಾಲಲಿಲ್ಲ. ನಗು ನಿಂತ ಮೇಲೆ ಕಾಕಾನ ಹಿತ್ತಾಳೆ ತುಂಡು, ಹದಿನಾಲ್ಕು ಅರ್ಜಿ, ಸೋಮವಾರದ ಕತೆ, ಎಲ್ಲ ಕೇಳಿಸಿಕೊಂಡಳು. ಆಮೇಲೆ ಗಂಟನ್ನ ಪಕ್ಕಕ್ಕೆ ಸರಿಸಿ ತೀರ್ಪು ಕೊಟ್ಟಳು: "ಬಂದೇನಂದಮ್ಯಾಲ ಮಾತಾಡಿಸಿಕೊಂಡನ ಹೋಗ್ತೀನಿ. ಬುತ್ತಿ ತಿರಗಿ ಒಯ್ಯಬಾರದು."

ಮರುದಿನ ನಾವು ನಾಲ್ಕು ಮಂದಿ ರೈಲು ಹತ್ತಿದೆವು. ಎಳೆಯುವುದು ಕರೆಂಟಿನ ಎಂಜಿನ್ನು ಅಂತ ಕಾಕಾ ಸಂಭಾಜಿನಗರದ ತನಕ ಅದಕ್ಕೆ ಬೆನ್ನು ಮಾಡಿ ಕೂತ. ಲಾಸೂರ ಬಂದಾಗ ಕಾಕೂನ ಮೊಣಕೈ ಅಲುಗಿಸಿ ಕಿಟಕಿಯ ಹೊರಗೆ ತೋರಿಸಿದ.

"ಲಾಸೂರ! ಎಂಜಿನ್ ಕೂಗ್ತು, ಕೇಳಿಸ್ತೇನು?"

"ಹೂಂ, ಹೂಂ. ನನಗ ಚಹಾ ಬ್ಯಾಡ್ರಿ" ಅಂದಳು ಕಾಕು.

ಕಾಕಾ ಮುಖ ತಿರುಗಿಸಿದ. ಚೀಲದಿಂದ ಹಿತ್ತಾಳೆ ತುಂಡು ತೆಗೆದು ಟವೆಲಿನಿಂದ ಒರೆಸುತ್ತಾ ಕೂತ.

ಯಾರ್ಡಿನ ಗೇಟಿನಲ್ಲಿ ನಾವು ನಾಲ್ವರಲ್ಲ, ಐವರಾಗಿದ್ದೆವು. ದಾರಿಯಲ್ಲಿ ಪಂಕ್ಚರ್ ಅಂಗಡಿಯ ಚಾಚಾನನ್ನ ಅವನ ಕಂಪ್ರೆಸರ್ ಸಮೇತ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ ಕಾಕಾ. ಅಲ್ಲಿಯ ಸಾಹೇಬರು ಮೂವತ್ತರ ಆಸುಪಾಸಿನವರು, ಸಭ್ಯರು. ಕಾಕಾನ ಹೆಸರು ಕೇಳಿದ ಕೂಡಲೇ "ಓಹೋ, ಅರ್ಜಿಯವರಾ!" ಅಂತ ಹಣೆ ಹಿಡಿದುಕೊಂಡರು. ಆಗುವುದಿಲ್ಲ ಅಂದರು. ಕಾಕಾ ಹದಿನೈದನೆಯ ಅರ್ಜಿಯನ್ನ ಜೇಬಿನಿಂದ ತೆಗೆದ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂದರು.

ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಸೊಲ್ಲಾಪುರದ ಸೋದರಮಾವನ ಮನೆಯಲ್ಲಿ ಚಿಕ್ಕಂದಿನಲ್ಲಿ ಕಲಿತ ಮುರುಕು ಮರಾಠಿ ಅವಳದು. ಆಚೆ ಹಳಿಯ ಮೇಲೆ ಬಣ್ಣ ಮಾಸಿ ನಿಂತಿದ್ದ ಎಂಜಿನ್ನಿನ ಕಡೆ ಬೆರಳು ಮಾಡಿ, "ಸಾಹೇಬ, ತೀ ಮಾಝ್ಯಾ ಬಹಿಣೀಚೀ ಸವತ ಆಹೆ. ಆಮ್ಹೀ ಭೇಟಾಯಲಾ ಆಲೋ" ಅಂದಳು.

ನನ್ನ ತಂಗಿಯ ಸವತಿ ಅವಳು, ಮಾತಾಡಿಸಲಿಕ್ಕೆ ಬಂದಿದ್ದೇವೆ ಅಂತ. ಸವತಿಗೆ ಮರಾಠಿಯಲ್ಲೂ ಸವತ ಅಂತಲೇ ಅನ್ನುತ್ತಾರೆ. ಸಾವಿನ ಮನೆಗೆ ಹೋಗಿ ಮಾತಾಡಿಸುವ ಪದ್ಧತಿ ಅವರಲ್ಲೂ ಇದೆ. ಸಾಹೇಬರು ಎಂಜಿನ್ ನೋಡಿದರು, ಕಾಕೂನ್ನ ನೋಡಿದರು, ಅಕ್ಕನ ಕಂಕುಳ ಗಂಟು ನೋಡಿದರು. ನಕ್ಕು ಬಿಟ್ಟರು. ಗುಜರಿಗೆ ಹೋಗುವ ಎಂಜಿನ್ನಿಗೆ ನೆಂಟರು ಬುತ್ತಿ ತಂದದ್ದು ಇದೇ ಮೊದಲಂತೆ. ಒಂದು ತಾಸು ಕೊಟ್ಟರು, ಏನೂ ಬಿಚ್ಚಬಾರದು, ಏನೂ ಒಯ್ಯಬಾರದು, ತಾವೂ ಜೊತೆಗೆ ಇರುತ್ತೇವೆ ಅಂತ.

"ಒಯ್ಯಾಕ ಯಾರ ಬಂದಾರ್ರೀ ಸಾಹೇಬ್ರ? ಗಾಳಿ ಕೊಡಾಕ ಬಂದೀನಿ" ಅಂದ ಕಾಕಾ, ಅವಸರದಲ್ಲಿ ಕನ್ನಡದಲ್ಲೇ!

ಕಂಪ್ರೆಸರ್ ಶುರುವಾಯಿತು. ಕಾಕಾ ಎಂಜಿನ್ನಿನ ಮೂತಿಯ ಮೇಲೆ ಹತ್ತಿ ಹಿತ್ತಾಳೆ ತುಂಡು ಜೋಡಿಸಿದ. ಬಿಸಿಲು ನೆತ್ತಿ ಸುಡುತ್ತಿತ್ತು. ವಾಲ್ವು ತಿರುಗಿಸಿದರೆ ಹಾರ್ನಿನಿಂದ ಬಂದದ್ದು ಬರೀ "ಫುಸ್ಸ್". ಜೋಡಿಸಿದ ಕಡೆ ಗಾಳಿ ಸೋರುತ್ತಿತ್ತು. ಇನ್ನೊಮ್ಮೆ, ಮತ್ತೊಮ್ಮೆ, ಫುಸ್ಸ್! ಸಾಹೇಬರು ಗಡಿಯಾರ ನೋಡಲಿಕ್ಕೆ ಹತ್ತಿದರು. ಕಾಕಾ ಅತ್ತಿತ್ತ ಕಣ್ಣಾಡಿಸಿ, ಕೆಳಗಿಳಿದು ಅಕ್ಕನ ಶೇಂಗಾ ಚಟ್ನಿ ಡಬ್ಬಿ ಕಿತ್ತುಕೊಂಡ, ಮತ್ತೆ ಮೇಲೆ ಹತ್ತಿ ಮುಚ್ಚಳದ ರಬ್ಬರ್ ಎಳೆದು ಬ್ಲೇಡಿನಿಂದ ಕೊಯ್ದು ವಾಶರ್ ಮಾಡಲಿಕ್ಕೆ ಕೂತ. "ನನ್ನ ಡಬ್ಬೀ!" ಅಂತ ಅಕ್ಕ ಬಾಯಿ ಬಡಕೊಂಡಳು.

ನನಗೆ ಸಿಟ್ಟೇ ಬಂತು. ಅರವತ್ತು ದಾಟಿದ ಮನುಷ್ಯ, ಕಾದ ಕಬ್ಬಿಣದ ಮೇಲೆ ಕೂತು ಇದೆಂಥಾ ಹಟ? ಮೆಟ್ಟಿಲು ಹತ್ತಿ ಹೋಗಿ ಕೈ ಹಿಡಿದೆ. "ಸಾಕು ಬಿಡ್ರಿ ಕಾಕಾ. ಲಾಸೂರಿಗೆ ಬರ್ತಿದ್ದದ್ದು ಇದ ಎಂಜಿನ್ ಅಂತ ಏನು ಗ್ಯಾರಂಟಿ?"

ಮೇಜಿನ ಬದಲು ಎಂಜಿನ್ನೇ ಕುಟ್ಟುತ್ತಾನೆ ಅಂದುಕೊಂಡೆ. ಕಾಕಾ ರಬ್ಬರ್ ಕೊಯ್ಯುತ್ತಲೇ ಮೆಲ್ಲಗೆ ಅಂದ, "ಅಲ್ಲ ಮಗಳ. ಆಗಿನ ನಂಬರ ಯಾರ ನೋಡಿದ್ರು? ಇದರ ಕೂಗು ಅಂಥಾದ ಐತಿ, ಅಷ್ಟ."

"ಮತ್ತೆ ಯಾಕಿದೆಲ್ಲಾ?"

"ಇನ್ನೊಂದ ಕಿವಿನೂ ಹೊಂಟೈತಿ ಆಕಿದು. ನಾ ಕರದ್ರ ಕೇಳಂಗಿಲ್ಲ. ಮೊಬೈಲಿನಾಗ ಹಚ್ಚಿ ತೋರ್ಸಿದೆ, ಆ ದಪ್ಪ ದನಿ ಅದರಾಗ ಬರಂಗಿಲ್ಲ. ಇಂಥಾ ದಪ್ಪ ದನಿ ಕೇಳಬಹುದು ಅಂದಾನ ಡಾಕ್ಟರ. ಪೂರಾ ಹೋಗೂದ್ರೊಳಗ ಇದೊಂದನ್ನ ಕೇಳ್ಲಿ. ನಾ ಬಂದೆ ಅಂತ ಆಕಿಗೆ ಹೇಳ್ತಿದ್ದದ್ದು ಇದ ಅಲ್ಲ?"

ಇಷ್ಟು ವರ್ಷ ಈ ಮನುಷ್ಯನನ್ನ ನೋಡಿ ನಕ್ಕವಳು ನಾನು. ನಾಚಿಕೆಯಾಯಿತು. ರಬ್ಬರಿನ ಇನ್ನೊಂದು ತುದಿಯನ್ನ ಗಟ್ಟಿಯಾಗಿ ಹಿಡಿದುಕೊಂಡೆ, ಅವನು ಕೊಯ್ದ.

ಕೆಳಗೆ ಕಾಕು ನಮಗೆಲ್ಲ ಬೆನ್ನು ಮಾಡಿ ಬೇವಿನ ನೆರಳಲ್ಲಿ ಕೂತಿದ್ದಳು. ಗಂಟು ಬಿಚ್ಚಿ ಗರಿಗರಿ ಕಟಕ ರೊಟ್ಟಿ ಎಣಿಸುತ್ತಿದ್ದಳು, ಸಾಹೇಬರಿಗೊಂದು, ಚಾಚಾನಿಗೊಂದು. ಕಾಕಾ ವಾಲ್ವು ತಿರುಗಿಸಿದ.

ಕೂಗಿತು ನೋಡಿ! ಉದ್ದಕ್ಕೆ, ದಪ್ಪಗೆ, ಕಾಲ ಕೆಳಗಿನ ಕಬ್ಬಿಣವೆಲ್ಲ ಝುಂ ಅನ್ನುವ ಹಾಗೆ. ಯಾರ್ಡಿನ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು, ಸಾಹೇಬರೂ ಮುಚ್ಚಿಕೊಂಡರು. ಕಾಕೂನ ಕೈಯೊಳಗಿನ ರೊಟ್ಟಿ ಅಲ್ಲೇ ನಿಂತಿತು. ಅವಳು ತಿರುಗಲಿಲ್ಲ. ಕೂಗು ಪೂರಾ ಮುಗಿಯುವ ತನಕ ಹಾಗೇ ಕೂತಿದ್ದು, ಆಮೇಲೆ ನೆಲಕ್ಕೆ ಕೈ ಊರಿ ಎದ್ದಳು.

ಮೇಲಿನಿಂದ ಕಾಕಾ ಯಾವತ್ತಿನ ಹಾಗೆ ಒದರಿದ, "ಕೇಳಿಸ್ತೇನು?"

ಕಾಕು ಹೂಂ ಹೂಂ ಅನ್ನಲಿಲ್ಲ. ಹತ್ತಿರ ಬಂದು ತಲೆ ಎತ್ತಿ ಅವನನ್ನ ನೋಡಿದಳು. ಅವಳ ಗಲ್ಲವೆಲ್ಲ ಒದ್ದೆಯಾಗಿತ್ತು.

"ಕೇಳಿಸ್ತ್ರಿ" ಅಂದಳು. ಆಮೇಲೆ ಕಿವುಡರ ಆ ಎತ್ತರದ ದನಿಯಲ್ಲಿ, ಯಾರ್ಡಿಗೆಲ್ಲ ಕೇಳುವ ಹಾಗೆ, "ಆದ್ರ ನಾ ಇನ್ನೂ ಹಂಚ ಇಟ್ಟಿಲ್ಲಲ್ಲರೀ!"